ಪಾವು ನೀರು

ಸೋಮವಾರ, ಬೆಳಿಗ್ಗೆ ಆರು ಗಂಟೆ, ಆದೋನಿಯ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನನ್ನ ಹೆಂಡತಿ ನೀಲಮ್ಮ ಮತ್ತು ಗಾಜಿನ ತೊಟ್ಟಿಯಲ್ಲಿ ಎರಡು ಗೋಲ್ಡ್‌ಫಿಶ್. ಮೀನುಗಳೆರಡೂ ನೀರಿನ ಮೇಲಕ್ಕೆ ಬಂದು ಒಂದೇ ಸಮನೆ ಬಾಯಿ ತೆರೆದು ಮುಚ್ಚುತ್ತಿದ್ದವು. ಮೂವತ್ತು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದವನಿಗೆ ಬೆಳಗಿನ ಆರಕ್ಕೆ ಬಾಯಿ ತೆರೆದವರೆಲ್ಲ ಹಾಜರಿ ಹೇಳುವವರಂತೆಯೇ ಕಾಣುತ್ತಾರೆ. ಶಿಸ್ತು ಕೊನೆಗೂ ಜಲಚರಗಳಿಗೂ ಹತ್ತಿತೆಂದು ಹಿಗ್ಗಿದೆ.

"ಹಾಜರಿ ಅಲ್ಲರಿ ಅದು," ಎಂದಳು ನೀಲಮ್ಮ. "ಅವಕ್ಕ ಉಸುರು ಸಿಗವಲ್ತು. ನಿನ್ನಿ ಸಂಜಿಯಿಂದ ಹಂಗ ಮಾಡಾಕತ್ತಾವ."

ಅವಳಿಗೆ ತಿಳಿಯದೆ ಇನ್ಯಾರಿಗೆ ತಿಳಿದೀತು? ಮೊಣಕಾಲಿನ ಆಪರೇಷನ್ ಆಗಿ ತಿಂಗಳಾಗಿದೆ. ಕುಳಿತೇ ಇರಬೇಕೆಂದು ಡಾಕ್ಟರರ ಅಪ್ಪಣೆ. ಹೊಳಗುಂದದ ಕಡೆ ಹೊಲದಲ್ಲಿ ಓಡಾಡಿ ಬೆಳೆದ ಹೆಂಗಸಿಗೆ ಕುಳಿತಿರುವುದೇ ದೊಡ್ಡ ಕಾಯಿಲೆ. ಮೊದಲ ವಾರ ಅವಳು ನನ್ನನ್ನೇ ನೋಡುತ್ತ ಕುಳಿತಳು. ವಾರದ ಕೊನೆಗೆ, "ನಿಮ್ಮನ್ನ ಎಷ್ಟಂತ ನೋಡ್ಲಿ" ಎಂದು ನಿಟ್ಟುಸಿರಿಟ್ಟದ್ದರ ಫಲವೇ ಈ ತೊಟ್ಟಿ. ಮೀನುಗಳಿಗೆ ಅವಳೇ ದೊಡ್ಡಾಕಿ, ಸಣ್ಣಾಕಿ ಎಂದು ಹೆಸರಿಟ್ಟು, ನನಗೆ ಹೇಳದ ಎಷ್ಟೋ ಮಾತನ್ನು ಅವಕ್ಕೆ ಹೇಳತೊಡಗಿದಳು. ಅವು ಹೋದರೆ ಅವಳ ದೃಷ್ಟಿ ಮತ್ತೆ ನನ್ನ ಮೇಲೆಯೇ ಬೀಳುವುದಷ್ಟೆ; ಆದರೆ ಅವಳು ಆ ಮಾತುಗಳನ್ನು ಯಾರಿಗೆ ಹೇಳಿಯಾಳು?

ಓದುಗರೇ, ಶುಚಿತ್ವದ ವಿಷಯದಲ್ಲಿ ನನ್ನಿಂದ ಲೋಪವಾಗಿರಲಿಲ್ಲ. ತೊಟ್ಟಿ ಬಂದ ಮೊದಲ ವಾರ ಪ್ರತಿದಿನ ಐದೂವರೆಗೆ ತೊಟ್ಟಿ ಬರಿದು ಮಾಡಿ, ಗಾಜು ತಿಕ್ಕಿ, ನೀರು ಸೋಸುವ ಯಂತ್ರದ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ಬೆಳ್ಳಗೆ ಮಾಡಿ, ಬ್ಲೀಚಿಂಗ್ ವಾಸನೆಯ ಹೊಚ್ಚಹೊಸ ನೀರು ತುಂಬುತ್ತಿದ್ದೆ. ಮೀನುಗಳು ಮಂಕಾದವು. ಆಗ ಮೀನಿನಂಗಡಿಯ ಬಾಷಾ ಹೇಳಿದ: "ದಿನಾ ತೊಳಿಬ್ಯಾಡ್ರಿ ಸಾರ್. ವಾರಕ್ಕೊಂದ್ಸಲ ಪಾವು ನೀರು ತೆಗದು ಹೊಸಾದು ಹಾಕ್ರಿ, ಸಾಕು."

ಅಪ್ಪಣೆಯೆಂದರೆ ಅಪ್ಪಣೆ. ಅಡುಗೆಮನೆಯಿಂದ ಅಕ್ಕಿ ಅಳೆಯುವ ಹಿತ್ತಾಳೆಯ ಪಾವನ್ನು ತಂದು, ಎರಡು ಭಾನುವಾರ, ತುಂಬಿದ ತೊಟ್ಟಿಯಿಂದ ಅಂಚಿಗೆ ಸರಿಯಾಗಿ ಒಂದು ಪಾವು ನೀರು ತೆಗೆದು, ಒಂದು ಪಾವು ಹಾಕಿದೆ. ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಸ್ಪಂಜನ್ನು ಮಾತ್ರ ದಿನವೂ ತೊಳೆಯುತ್ತಲೇ ಇದ್ದೆ. ಅದಕ್ಕೆ ನಿಷೇಧವಿರಲಿಲ್ಲ ನೋಡಿ.

ಅಂಗಡಿ ತೆರೆಯುವವರೆಗೆ ಕಾಯುವುದು ಬೇಡವೆಂದು ಬಾಷಾನಿಗೆ ಫೋನ್ ಮಾಡಿ, ನೀಲಮ್ಮನೂ ಕೇಳಲೆಂದು ಸ್ಪೀಕರ್ ಹಾಕಿದೆ. ಪಾವಿನ ವೃತ್ತಾಂತವನ್ನೆಲ್ಲ ಹೇಳಿದೆ.

"ಸಾರ್, ಪಾವು ಅಂದ್ರ ಆ ಪಾವಲ್ಲರಿ. ಪಾವು ಕಿಲೋ ಬದನಿಕಾಯಿ ತಗೊಂತೀರಲ್ಲ, ಆ ಪಾವು. ನಾಲ್ಕರಾಗ ಒಂದು ಭಾಗ."

ನಮ್ಮ ಊರಿನ ಸಂಕಟ ನೋಡಿ. ತೆಲುಗು ಬಜಾರಿನಲ್ಲಿ ಪಾವು ಎಂದರೆ ಕಾಲು ಭಾಗ, ಕನ್ನಡದ ಅಡುಗೆಮನೆಯಲ್ಲಿ ಅಂಗೈಯಗಲದ ಪಾತ್ರೆ. ಎರಡು ಭಾಷೆ ಬಲ್ಲವನೆಂದು ಬೀಗುತ್ತಿದ್ದ ನಾನು ಎರಡರ ನಡುವಿನ ಸಂದಿಯಲ್ಲಿ ಬಿದ್ದಿದ್ದೆ. ನಾಲ್ಕು ಕೊಡದ ತೊಟ್ಟಿಯಿಂದ ಒಂದು ಕೊಡ ತೆಗೆಯಬೇಕಾದಲ್ಲಿ ಒಂದು ಗುಟುಕು ತೆಗೆದಿದ್ದೆ.

"ಮತ್ತ ಸ್ಪಂಜು?" ಎಂದು ನೀಲಮ್ಮ ಕುರ್ಚಿಯಿಂದಲೇ ನನ್ನ ಎರಡನೆಯ ಅಪರಾಧವನ್ನು ವರದಿ ಮಾಡಿದಳು.

"ಅಯ್ಯೋ ಅಮ್ಮಾ, ಅದರಾಗ ಕಣ್ಣಿಗೆ ಕಾಣದ ಒಳ್ಳೇ ಹುಳ ಇರ್ತಾವ. ಮೀನಿನ ಹೊಲಸನ್ನ ಅವೇ ತಿಂದು ನೀರು ಚಲೋ ಮಾಡ್ತಾವ. ಹೊಸಾ ತೊಟ್ಟಿ, ಈಗಷ್ಟೇ ಸಂಸಾರ ಹೂಡ್ತಾವ. ಸಾರ್ ದಿನಾ ಮನಿ ತೊಳದ್ರ ಎಲ್ಲಿ ಬದುಕ್ಬೇಕು ಅವು?"

"ನಾನೂ ನಲವತ್ತು ವರ್ಷದಿಂದ ಇವರಿಗೆ ಇದನ್ನ ಕೇಳಾಕತ್ತೀನಪ್ಪ," ಎಂದಳು ನೀಲಮ್ಮ.

ಒಳ್ಳೆಯ ಕೊಳೆ ಎಂಬುದೊಂದಿದೆಯೆಂದು ನನ್ನ ಸೇವಾವಧಿಯಲ್ಲಿ ಯಾರೂ ಹೇಳಿರಲಿಲ್ಲ. ಕೊಳ ಎಂಬ ಮಾತಿಗೂ ಕೊಳೆ ಎಂಬ ಮಾತಿಗೂ ಒಂದು ಎತ್ವದಷ್ಟೇ ಅಂತರ. ಕೊಳೆಯಿಲ್ಲದೆ ಕೊಳವಿಲ್ಲವೆಂದು ತಿಳಿಯದೆ ಆ ಎತ್ವವನ್ನು ನಾನು ತಿಕ್ಕಿ ತಿಕ್ಕಿ ಅಳಿಸಿದ್ದೆ. ಎಷ್ಟು ಹುಡುಗರ ಹಾಸಿಗೆಯ ಕೆಳಗಿನ ಗೋಲಿ, ಗರಿ, ಹುಣಸೆಬೀಜಗಳನ್ನು ಕಸವೆಂದು ಗುಡಿಸಿ ಎಸೆದಿದ್ದೆನೋ ಎಂದು ಯಾಕೋ ಆಗ ನೆನಪಾಯಿತು.

ಬಾಷಾ ಹೇಳಿದಂತೆ ಒಂದು ಕೊಡ ನೀರು ತೆಗೆದೆ. ನಲ್ಲಿ ಬೆಳಗಿನ ಜಾವ ಒಂದು ಗಂಟೆ ಮಾತ್ರ ಬರುವ ನಮ್ಮ ಊರಲ್ಲಿ ಹಿಂದಿನ ದಿನ ಹಿಡಿದಿಟ್ಟ ನೀರಿಗೆ ಬರವಿಲ್ಲ. ಬ್ಲೀಚಿಂಗ್ ವಾಸನೆ ಹಾರಿಹೋದ ಆ ನೀರೇ ಬೇಕಂತೆ. "ನಿಧಾನ್ರಿ, ಅವುಗಳ ತಲಿ ಮ್ಯಾಲೆ ಸುರೀಬ್ಯಾಡ್ರಿ," ಎಂದು ನೀಲಮ್ಮ ಕುಳಿತಲ್ಲಿಂದಲೇ ವಾರ್ಡನ್‌ಗಿರಿ ನಡೆಸಿದಳು. ಸ್ಪಂಜನ್ನು ಮುಟ್ಟಲಿಲ್ಲ. ಆ ದಿನ ಮೀನುಗಳಿಗೆ ಊಟವೂ ಇಲ್ಲ. ಮಧ್ಯಾಹ್ನ ಮತ್ತೊಂದು ಕೊಡ.

ನಾಲ್ಕರ ಹೊತ್ತಿಗೆ ಸಣ್ಣಾಕಿ ಬಾಯಿ ಮುಚ್ಚಿ ಕೆಳಗಿಳಿದಳು. ದೊಡ್ಡಾಕಿ ಇನ್ನೂ ಅರ್ಧ ಗಂಟೆ ನಮ್ಮನ್ನು ಕಾಯಿಸಿ, ಬಾಲ ಬೀಸಿ, ಕಲ್ಲುಗಳ ನಡುವೆ ಏನನ್ನೋ ಹುಡುಕತೊಡಗಿದಳು. ನಾನು ತೊಟ್ಟಿಯ ಮುಂದೆ ಬಗ್ಗಿ ಆ ದೃಶ್ಯವನ್ನು ಕಣ್ತುಂಬ ನೋಡುತ್ತಿದ್ದೆ.

"ಸರೀರಿ ಅತ್ಲಾಗ," ಎಂದಳು ನೀಲಮ್ಮ. "ಅವು ಕಾಣವಲ್ವು."

ಸರಿದೆ. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು.