ಗೋಡೆ ಬಿಟ್ಟು ನಿಂತ ಟೀಚರ್

“ಟೀಚರ್, ಈ ಮೊಣಕೈ ಯಾಕೋ ಸರಿಯಾಗಿಲ್ಲ” ಎಂದು ಬಾಯಿ ತಪ್ಪಿ ಅಂದುಬಿಟ್ಟೆ. ಚಿತ್ರ ಬರೆಯುತ್ತಿದ್ದ ವಸಂತಾ ಟೀಚರ್ ಕೈ ಅಲ್ಲೇ ನಿಂತಿತು.

ಆಂಡರ್ಸನ್‌ಪೇಟೆಯ ಎಷ್ಟೋ ಹುಡುಗಿಯರಿಗೆ ಭರತನಾಟ್ಯ ಕಲಿಸಿದವರು ಅವರು. ನಾನೂ ಅವರಲ್ಲೊಬ್ಬಳು. ಬಸ್ ಅಪಘಾತದಲ್ಲಿ ಬಲಗಾಲು ಸೋತ ಮೇಲೆ ಕುಂಚ ಹಿಡಿದರು. ಅವರೆದುರು ನೃತ್ಯದ ಮಾತೆತ್ತಲು ಯಾರಿಗೂ ಧೈರ್ಯವಿರಲಿಲ್ಲ. ಇಷ್ಟು ವರ್ಷ ಬೆಟ್ಟ, ಮರ, ಹಳೆಯ ಗಣಿಗಳನ್ನೇ ಬರೆದವರು, ಅಂದು ನಾನು ಅವರ ಮನೆಗೆ ಹೋದಾಗ ಮೊದಲ ಬಾರಿಗೆ ಒಬ್ಬ ನರ್ತಕಿಯನ್ನು ಬರೆಯುತ್ತಿದ್ದರು.

ಟೀಚರ್ ಕುಂಚ ಕೆಳಗಿಟ್ಟು, ಗೋಡೆ ಹಿಡಿದು ಎದ್ದರು. ಆಮೇಲೆ ಗೋಡೆಯನ್ನೂ ಬಿಟ್ಟರು. ನಾನು ಹಿಡಿಯಲು ಓಡಿದೆ.

“ಮುಟ್ಬ್ಯಾಡ ಕಣೇ! ಬಿದ್ರೆ ಬೀಳ್ತೀನಿ.”

ಸೋತ ಕಾಲು ಗಡಗಡ ನಡುಗುತ್ತಿತ್ತು. ಹಣೆಯ ಮೇಲೆ ಬೆವರು ಮೂಡಿತ್ತು. ಕಣ್ಣು ಮುಚ್ಚಿ, ಚಿತ್ರದ ನರ್ತಕಿಯಂತೆ ಎರಡೂ ಕೈ ಎತ್ತಿದರು. ಮೊಣಕೈ ತಾನಾಗಿಯೇ ಇನ್ನಷ್ಟು ಮೇಲೆದ್ದು ಸರಿಯಾದ ಜಾಗದಲ್ಲಿ ನಿಂತಿತು. ಅಷ್ಟರಲ್ಲಿ ಕಾಲು ಕೈಕೊಟ್ಟಿತು. ತಬ್ಬಿ ಹಿಡಿದ ನಾನೂ ಅವರೊಂದಿಗೆ ನೆಲಕ್ಕೆ ಕುಸಿದೆ.

ಪೆಟ್ಟಾಯಿತೇ ಎಂದು ಗಾಬರಿಯಿಂದ ನೋಡಿದರೆ, ಕಣ್ಣಲ್ಲಿ ನೀರು ತುಂಬಿಕೊಂಡೇ ಅವರು ನಗುತ್ತಿದ್ದರು. “ನೀನ್ ಹೇಳಿದ್ದೇ ಸರಿ ಕಣೇ. ಇನ್ಮೇಲೆ ನೀನು ನಿಂತ್ಕೋ, ನಾನು ಬರೀತೀನಿ.”

ಈಗ ಭಾನುವಾರ ಬಂದರೆ ಬಂಗಾರಪೇಟೆಯ ಗಂಡನ ಮನೆಯಿಂದ ಟೀಚರ್ ಮನೆಗೆ ಬಸ್ಸು ಹತ್ತುತ್ತೇನೆ. ಮದುವೆಯಾದ ಮೇಲೆ ಬಿಟ್ಟೇಹೋಗಿದ್ದ ನನ್ನ ನೃತ್ಯ, ಅವರ ಚಿತ್ರಕ್ಕೆ ನಿಲ್ಲುತ್ತಾ ನಿಲ್ಲುತ್ತಾ ಮತ್ತೆ ಮೈಗೆ ಬರುತ್ತಿದೆ.