ಗೆಳೆಯನ ಉಸಿರಿಗೆ ಕಟ್ಟಿದ ಟ್ರಂಪೆಟ್ ಧಾಟಿ

ಆ ಧಾಟಿಗೆ ನನಗೆ ಬಿದ್ದ ಖರ್ಚು ಒಂದು ಮೊಳಕಾಲ್ಮೂರು ಸೀರೆ, ಒಂದು ಒಳ್ಳೆಯ ಲಗ್ನದ ದಿನ. ಸೀರೆ, ಧಾಟಿ ಕಟ್ಟಿಕೊಟ್ಟ ಉಸ್ತಾದರ ಮಗಳಿಗೆ. ಅವರು ದುಡ್ಡು ಮುಟ್ಟಲಿಲ್ಲ. ದಿನ, ನನ್ನ ಗೆಳೆಯನಿಗೆ. ಚಳ್ಳಕೆರೆಯಲ್ಲಿ ನನ್ನಂತೆ ಬ್ಯಾಂಡ್ ಸೆಟ್ ನಡೆಸುವವನು ಮುಹೂರ್ತದ ದಿನ ಬುಕಿಂಗ್ ಬಿಟ್ಟರೆ ತಲೆ ಕೆಟ್ಟಿದೆ ಎನ್ನುತ್ತಾರೆ. ಅನ್ನಲಿ.

ನಾನು ಮೆರವಣಿಗೆಯಲ್ಲಿ ಗ್ಯಾಸ್‌ಲೈಟ್ ಹೊತ್ತು ಈ ಕಸುಬಿಗೆ ಬಂದವನು. ಅವನು ಮೊಳಕಾಲ್ಮೂರಿನ ನೇಕಾರರ ಮನೆಯವನು. ಸೆಟ್ ಕಟ್ಟಿದ್ದು ಇಬ್ಬರೂ ಸೇರಿ. ಬೀಗರ ಜೊತೆ ಚೌಕಾಸಿ ನನ್ನದು, ಮುಂದೆ ನಿಂತು ಊದುವುದು ಅವನದು. ಪಕ್ಕದಲ್ಲಿ ನನ್ನದು ಎರಡನೇ ಟ್ರಂಪೆಟ್. ಬೀಗರು ರೇಟಿಗೆ ಹಗ್ಗ ಜಗ್ಗಿದರೆ ನಾನು ಅವನಿಗೆ ಕಣ್ಸನ್ನೆ ಮಾಡುತ್ತಿದ್ದೆ. ಅವನು ಒಂದೇ ಉಸಿರಿನಲ್ಲಿ ಉದ್ದನೆಯ ಸ್ವರ ಎಳೆದನೆಂದರೆ ಮನೆಯ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಿದ್ದರು. ಅಲ್ಲಿಗೆ ವ್ಯಾಪಾರ ಕುದುರಿತು.

ಆಮೇಲೆ ಅವನ ಶ್ವಾಸಕೋಶ ಕೆಟ್ಟಿತು. ಇನ್ನು ಊದಬಾರದು ಎಂದರು ಡಾಕ್ಟರು. ಅವನು ಊರಿಗೆ ಹೋದ.

ನಮ್ಮ ಸೆಟ್ಟಿನಲ್ಲಿ ಒಂದು ರೂಢಿ: ಕಾಯಿಲೆಯವರಿರುವ ಮನೆ ಬಂದರೆ ವಾದ್ಯ ನಿಲ್ಲಿಸಿ ಸುಮ್ಮನೆ ದಾಟಬೇಕು. ಮೊಳಕಾಲ್ಮೂರಿನ ಒಂದು ಮದುವೆಯಲ್ಲಿ ಅವನ ಬೀದಿಗೆ ಬಂದಾಗ ಹಾಗೇ ಮಾಡಿದೆವು. ಅವನು ಇಸ್ತ್ರಿ ಅಂಗಿ ತೊಟ್ಟು ಕಟ್ಟೆಯ ಮೇಲೆ ಕಾಯುತ್ತಾ ಕೂತಿದ್ದ. ನಾವು ತಲೆ ತಗ್ಗಿಸಿ ನಡೆದೆವು. ಮರುದಿನ ಫೋನು.

"ಏಮ್ರಾ," ಅಂದ. ಅವನ ಬಾಯಲ್ಲಿ ತೆಲುಗು ಬಂದರೆ ಸಿಟ್ಟು ಬಂದಿದೆ ಎಂದೇ ಲೆಕ್ಕ. "ನಾನಿನ್ನೂ... ಇದ್ದೀನಿ ಕಣಲೇ. ಹೆಣದ ಮನೆ... ದಾಟಿದಂಗೆ ದಾಟಿದ್ರಿ."

"ನಿಂಗೆ ತೊಂದ್ರೆ ಆಗ್ಬಾರ್ದು ಅಂತ..."

"ಕೇಳಿದ್ಯಾ... ನನ್ನ?"

ಅಲ್ಲಿಂದ ನನ್ನ ಫೋನು ಎತ್ತುವುದನ್ನೇ ಬಿಟ್ಟ.

ಅವನ ಬಾಗಿಲಲ್ಲೇ ನುಡಿಸಲು ಒಂದು ಧಾಟಿ ಕಟ್ಟಿಕೊಡಿ ಎಂದು ಉಸ್ತಾದರ ಹತ್ತಿರ ಹೋದೆ. ಅವರದು ಹಗಲು ಪಂಪಿನ ಮೋಟಾರು ರಿಪೇರಿ, ಲಗ್ನವಿದ್ದರೆ ನಮ್ಮಲ್ಲಿ ಕ್ಲಾರಿನೆಟ್. "ಈಗ ಹೆಂಗೆ ಮಾತಾಡ್ತಾನೆ, ಮಾಡಿ ತೋರ್ಸಪ್ಪ," ಅಂದರು. ತೋರಿಸಿದೆ: ಎರಡು ಮಾತು, ಒಂದು ಉಸಿರು.

"ಬಸ್. ಟ್ರಂಪೆಟ್ ಹಂಗೇ ಮಾತಾಡ್ಲಿ. ಅದು ಉಸಿರಿಗೆ ನಿಂತ ಕಡೆ ನಾವೆಲ್ಲ ಮೆಲ್ಲಗೆ ಹಿಡ್ಕಂತೀವಿ, ಬೀಳೋಕೆ ಬಿಡಲ್ಲ."

ಕೊನೆಗೆ ಅವನ ಹಳೆಯ ಉದ್ದನೆಯ ಸ್ವರ, ಒಂದೇ ಉಸಿರಿನಲ್ಲಿ. ಅದನ್ನು ನಾನೇ ಊದಬೇಕಿತ್ತು.

ಗೆಳೆಯ ಹುಷಾರಾಗಿರುತ್ತಿದ್ದುದು ಬೆಳಗಿನ ಹೊತ್ತು. ಬೇರೆ ಬೇರೆ ಕಸುಬಿನ ನಮ್ಮವರೆಲ್ಲ ಒಟ್ಟಿಗೆ ಸಿಗುವುದು ಲಗ್ನದ ದಿನವೇ. ಬಂದ ಬುಕಿಂಗ್ ಬಿಟ್ಟು ಎಲ್ಲರೂ ಯೂನಿಫಾರಂ ಹಾಕಿಕೊಂಡು ಹೋಗಿ ಅವನ ಬಾಗಿಲಲ್ಲಿ ನಿಂತೆವು. ಅವನ ಹೆಂಡತಿ ಹೊರಬಂದು, "ಬ್ಯಾಂಡ್ ಬಂದೈತೆ, ಗಂಡು ಎಲ್ರೀ?" ಅಂದರು.

"ಒಳಗೆ ಮಲಗ್ಯಾನಲ್ಲ ಅತ್ತಿಗೆ, ಎಬ್ಬಿಸ್ರಿ," ಅಂದೆ.

ಅವನು ಗೋಡೆ ಹಿಡಿದು ಬಂದು ಕಟ್ಟೆಯ ಮೇಲೆ ಕೂತ. ನನ್ನ ಮುಖ ನೋಡಲಿಲ್ಲ. ಊದಿದೆ. ಎರಡು ಮಾತು, ನಿಲುಗಡೆ. ಕ್ಲಾರಿನೆಟ್ಟುಗಳು ಮೆಲ್ಲಗೆ ಎತ್ತಿಕೊಂಡವು. ಮತ್ತೆ ಎರಡು ಮಾತು. ಅರ್ಧಕ್ಕೆ ಬರುವಷ್ಟರಲ್ಲಿ ಅವನ ಎದೆಯೂ ಅದೇ ತಾಳಕ್ಕೆ ಏರಿಳಿಯುತ್ತಿತ್ತು. ತನ್ನದೇ ಉಸಿರೆಂದು ಗುರುತು ಹಿಡಿದಿದ್ದ. ಕೊನೆಯ ಸ್ವರ ನನ್ನ ಕೈಲಿ ಪೂರ್ತಿ ಆಗಲಿಲ್ಲ.

"ಮುಗೀತೇನ್ಲೇ?" ಅಂದ. "ಕೊನೇದು... ಕಮ್ಮಿ ಆತು. ಇನ್ನೊಂದ್ಸಲ... ಎಳಿ."

ತಾನು ಇಳಿಸುವವರೆಗೆ ಸ್ವರ ಬಿಡಬೇಡ ಎಂಬಂತೆ ಕೈ ಮೇಲೆತ್ತಿದ. ಎಳೆದೆಳೆದು ನನ್ನ ಕಣ್ಣಲ್ಲಿ ನೀರು ಬಂದರೂ ಇಳಿಸಲೊಲ್ಲ. ಕಡೆಗೆ ಇಳಿಸಿ, "ಎರಡನೇ ಟ್ರಂಪೆಟ್ಟು... ಯಾವತ್ತಿದ್ರೂ ಎರಡನೇದೇ," ಎಂದು ನಕ್ಕ. ಅಂದಿನಿಂದ ದಿನಾ ಅವನೇ ಫೋನು ಮಾಡಿ, ನನ್ನಿಂದ ಊದಿಸಿ ತಪ್ಪು ತಿದ್ದುತ್ತಿದ್ದ.

ಈಗ ಅವನಿಲ್ಲ. ಪ್ರತಿ ಮದುವೆಯಲ್ಲೂ ಆ ಧಾಟಿ ನುಡಿಸುತ್ತೇವೆ. ಯಾವುದೋ ಹಳೇ ಸಿನಿಮಾದ್ದು ಎಂದುಕೊಳ್ಳುತ್ತಾರೆ ಜನ. ಕೊನೆಯ ಸ್ವರದಲ್ಲಿ ನಾನು ಮಾತ್ರ ಒಂದು ಕೈ ಇಳಿಯುವುದನ್ನು ಕಾಯುತ್ತೇನೆ.

ಕಾಯಿಲೆಯವರನ್ನು ನೋಡಲು ಹೋಗುವಾಗ ಮೋಸಂಬಿ ಒಯ್ಯಿರಿ, ಬೇಡ ಅನ್ನುವುದಿಲ್ಲ. ಅದನ್ನೂ ಆಸ್ಪತ್ರೆ ಗೇಟಿನಲ್ಲಿ ಕೊಳ್ಳಬೇಡಿ, ಸಂತೆಯಲ್ಲಿ ಕೊಳ್ಳಿ. ಜೊತೆಗೆ ಅವರ ಕಸುಬಿನದೊಂದು ಕೆಲಸವನ್ನೂ ಒಯ್ದು, ಎಲ್ಲಿ ತಪ್ಪಿದೆ ನೋಡು ಎಂದು ಕೇಳಿ. ಸದ್ದು ಬೇಕೋ ಬೇಡವೋ ಎಂಬುದನ್ನೂ ಅವರನ್ನೇ ಕೇಳಿ.