ಕಣ್ಣಳತೆಯ ಬಿ.ಪಿ.

ನನ್ನ ಕೈ ಚುರುಕು ಎಂದು ಮೊದಲು ಹೊಗಳಿದವರು ಅಫಜಲಪುರದ ಕಡೆಯ ಒಂದು ಆಸ್ಪತ್ರೆಯ ಹಿರಿಯ ವೈದ್ಯರು. ಆ ಹೊಗಳಿಕೆ ನೇರ ತಲೆಗೇರಿತು. ಎಂಬಿಬಿಎಸ್ ಪರೀಕ್ಷೆ ಮುಗಿಸಿ ಹೌಸ್ ಸರ್ಜನ್ ಆಗಿದ್ದ ವರ್ಷ ಅದು. ಹಳ್ಳಿಗಳಲ್ಲಿ ಕಲಿಯಲಿ ಎಂದು ನಮ್ಮನ್ನು ತಿಂಗಳಿಗೊಂದು ತಾಲೂಕಿಗೆ ಕಳಿಸುತ್ತಿದ್ದರು. ನನಗೆ ಬಂದದ್ದು ಮೊದಲು ಅಫಜಲಪುರ, ಆಮೇಲೆ ಜೇವರ್ಗಿ, ಕೊನೆಗೆ ಆಳಂದ. ಅಪ್ಪ ಅವ್ವ ಕೂಲಿ ಮಾಡಿ ಓದಿಸಿದ ಮಗಳು ನಾನು, ನಮ್ಮ ಓಣಿಗೇ ಮೊದಲ ಡಾಕ್ಟರ್. ನಿಧಾನ ಎಂದು ಯಾರಾದರೂ ಅಂದರೆ ಮೈ ಉರಿಯುತ್ತಿತ್ತು. ಎದುರಿಗಿರುವ ಸಾಲು ಬೇಗ ಕರಗಿಸಿದವಳೇ ಒಳ್ಳೆಯ ಡಾಕ್ಟರ್ ಎಂದು ನಂಬಿಕೊಂಡಿದ್ದೆ.

ಜೇವರ್ಗಿ ತಾಲೂಕಿನ ಆ ಆರೋಗ್ಯ ಕೇಂದ್ರದಲ್ಲಿ ತಿಂಗಳಿಗೊಂದು ದಿನ ಬಸುರಿಯರ ತಪಾಸಣೆ. ಅಂದು ಹತ್ತು ಗಂಟೆಗೇ ವರಾಂಡ ತುಂಬಿತ್ತು. ಒಬ್ಬೊಬ್ಬರ ಬಿ.ಪಿ. ನೋಡಿ ಅವರವರ ತಾಯಿ ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸ. ಹನ್ನೊಂದರ ಸುಮಾರಿಗೆ ಒಳಗಿನ ಹೆರಿಗೆ ಕೋಣೆಯಲ್ಲಿ ಒಬ್ಬಾಕೆಗೆ ರಕ್ತ ಹೆಚ್ಚು ಹೋಗತೊಡಗಿತು. ಹಿರಿಯ ಸಿಸ್ಟರ್ ಓಡಿ ಬಂದು ನನ್ನ ಮೇಜಿನ ಮೇಲಿನ ಬಿ.ಪಿ. ಯಂತ್ರ ಎತ್ತಿಕೊಂಡು ಹೋದರು. ಕಪಾಟಿನಲ್ಲಿ ಇನ್ನೊಂದಿತ್ತು, ಆದರೆ ಅದರ ರಬ್ಬರ್ ಹರಿದು ಗಾಳಿ ನಿಲ್ಲುತ್ತಿರಲಿಲ್ಲ.

ನಾನು ಕಾಯಬಹುದಿತ್ತು. ಕಾಯಲಿಲ್ಲ. ಹೋದ ತಿಂಗಳು ಎಷ್ಟಿತ್ತೆಂದು ಕಾರ್ಡಿನಲ್ಲಿ ನೋಡುವುದು, ಅದನ್ನೇ ಒಂದೆರಡು ಅಂಕಿ ಹೆಚ್ಚು ಕಡಿಮೆ ಮಾಡಿ ಬರೆಯುವುದು. ನಮ್ಮ ಹಾಸ್ಟೆಲಿನಲ್ಲಿ ಈ ವಿದ್ಯೆಗೆ ಕಣ್ಣಳತೆ ಎಂದು ಹೆಸರಿತ್ತು. ವಾರ್ಡಿನಲ್ಲಿ ಸಾಹೇಬರು ಬರುವ ಮುಂಚೆ ನಲವತ್ತು ಹಾಸಿಗೆಯ ಹಾಳೆ ತುಂಬಬೇಕಾದಾಗ ಎಲ್ಲರೂ ಮಾಡುತ್ತಿದ್ದರು, ನಾನೂ ಮಾಡಿದ್ದೆ. ಎಲ್ಲರಿಗೂ ಒಂದೇ ಅಂಕಿ ಹಾಕಿದರೆ ಸಿಕ್ಕಿಬೀಳುತ್ತೇವೆ ಎಂಬಷ್ಟು ಬುದ್ಧಿ ನನಗಿತ್ತು. ಹಾಗೆ ಹನ್ನೊಂದು ಜನರಿಗೆ ಬರೆದೆ.

ಹನ್ನೊಂದನೆಯವಳು ಕೊಳಕೂರ ಕಡೆಯ ಹುಡುಗಿ. ಚೊಚ್ಚಲ ಬಸುರಿ, ಒಂಬತ್ತನೇ ತಿಂಗಳು. ಹಿಂದಿನ ದಿನ ಗಂಡನ ಮನೆಯಲ್ಲಿ ಕುಬಸ, ಅಂದರೆ ಸೀಮಂತ, ಮುಗಿದು ಮುಂಗೈ ತುಂಬ ಹಸಿರು ಬಳೆ ಇದ್ದವು. ಹೆರಿಗೆಗೆ ತವರಿಗೆ ಕರೆದೊಯ್ಯಲು ಆಳಂದ ತಾಲೂಕಿನ ನರೋಣಾದಿಂದ ತಾಯಿ ಬಂದಿದ್ದಳು.

"ಜರಾ ಲಗೂ ನೋಡ್ರಿ ಡಾಕ್ಟರ್ ಬಾಯಿ. ಈ ಬಸ್ ಹೋದ್ರ ಮುಂದಿಂದು ಸಿಗಂಗಿಲ್ಲ," ಅಂದಳು ತಾಯಿ.

ಹುಡುಗಿ ಮೆಲ್ಲಗೆ, "ಕಾಲುಂಗುರ ಬಿಗಿ ಆಗ್ಯಾವ್ರಿ. ತಲಿನೂ ನೋಯ್ತದ," ಅಂದಳು.

"ಒಂಬತ್ತರಾಗ ಎಲ್ಲಾರಿಗೂ ಹಂಗೇ ಆಗ್ತದ," ಎಂದು ನಾನು 110/70 ಎಂದು ಬರೆದೆ. ತಾಯಿ ಕಾರ್ಡನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.

ಒಂದು ಗಂಟೆಗೆ ಸಿಸ್ಟರ್ ಹೊರಬಂದರು. ಒಳಗಿನ ತಾಯಿ, ಮಗು ಇಬ್ಬರೂ ಉಳಿದಿದ್ದರು. ಅವರು ನೀರು ಕುಡಿಯುತ್ತ ನನ್ನ ರಿಜಿಸ್ಟರ್ ತಿರುವಿದರು. ಒಂದು ಸಾಲಿನ ಮೇಲೆ ಅವರ ಬೆರಳು ನಿಂತಿತು.

"ನಾ ಯಂತ್ರ ಒಯ್ದಾಗ ಇಪ್ಪತ್ನಾಕನೇ ನಂಬರ್ ನಡದಿತ್ತು. ಆಮ್ಯಾಲಿನ ಹನ್ನೊಂದು ಮಂದಿ ಬಿ.ಪಿ. ಯಾತರಿಂದ ನೋಡಿದ್ರಿ?"

ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು, ಬೈಯಲಿಲ್ಲ. ಕುರ್ಚಿ ಎಳೆದು ಕೂತು, ಹಳ್ಳಿಹಳ್ಳಿಯ ಆಶಾ ಕಾರ್ಯಕರ್ತೆಯರಿಗೆ ಫೋನ್ ಹಚ್ಚತೊಡಗಿದರು. ಹತ್ತು ಜನ ಅಲ್ಲಲ್ಲೇ ಸಿಕ್ಕರು. ಕೆಲವರು ಇನ್ನೂ ಔಷಧಿಯ ಸಾಲಿನಲ್ಲೇ ನಿಂತಿದ್ದರು. ಒಬ್ಬೊಬ್ಬರನ್ನೇ ಕೂರಿಸಿ ನೋಡಿದೆವು, ಎಲ್ಲರದೂ ಸರಿಯಿತ್ತು. ನನಗೆ ಉಸಿರು ಬಂದಂತಾಯಿತು.

"ಹನ್ನೊಂದನೇ ಹುಡುಗಿ ಏನಾರ ಹೇಳಿದ್ಳೇನು?" ಎಂದು ಸಿಸ್ಟರ್ ಕೇಳಿದರು.

ಕಾಲುಂಗುರ, ತಲೆನೋವು ಎಂದೆ. ಅವರ ಕೈಯಲ್ಲಿದ್ದ ಪೆನ್ನು ನಿಂತಿತು. ಕಾಲುಂಗುರ ಬಿಗಿ ಅಂದರೆ ಕಾಲು ಬಾತಿದೆ, ಜೊತೆಗೆ ತಲೆನೋವು; ಇದರ ಅರ್ಥ ನನಗೂ ಗೊತ್ತಿತ್ತು. ಪರೀಕ್ಷೆಯಲ್ಲಿ ಅದರ ಮೇಲೆ ನಾಲ್ಕು ಪುಟ ಬರೆದಿದ್ದೆ. ಬಿ.ಪಿ. ಏರಿದ್ದರೆ ದಾರಿಯಲ್ಲೇ ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರೂ ಹೋಗಬಹುದು. ಕಾರ್ಡಿನಲ್ಲಿದ್ದ ನಂಬರ್ ಗಂಡನದು. ಹೆಂಡತಿ, ಅತ್ತೆಯ ಹತ್ತಿರ ಫೋನ್ ಇಲ್ಲ, ಕಲಬುರಗಿ ಸ್ಟ್ಯಾಂಡಿನಲ್ಲಿ ಮೂರೂವರೆಯ ನರೋಣಾ ಬಸ್ ಹತ್ತುತ್ತಾರೆ ಎಂದ ಆತ.

"ನೀವೇ ಹೋಗ್ರಿ. ಬರದವರು ನೀವು," ಎಂದು ಸಿಸ್ಟರ್ ಯಂತ್ರವನ್ನು ನನ್ನ ಕೈಗಿಟ್ಟರು.

ಔಷಧಿ ಕೊಡುವವರು ತಮ್ಮ ಬೈಕ್ ತೆಗೆದರು. ದಾರಿಯುದ್ದಕ್ಕೂ ಯಂತ್ರವನ್ನು ಎದೆಗೊತ್ತಿಕೊಂಡು ಕೂತಿದ್ದೆ. ಎದುರಿಗೆ ಬಂದ ಪ್ರತಿ ಟ್ರ್ಯಾಕ್ಟರಿನ ಮೇಲೂ ಸಿಟ್ಟು ಬರುತ್ತಿತ್ತು. ಆಕೆಯ ಕಾಲು ಹೇಗಿದ್ದವು ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ನಾನು ಆ ಹುಡುಗಿಯ ಕಾಲನ್ನೇ ನೋಡಿರಲಿಲ್ಲ. ಜೀವನದಲ್ಲಿ ಅಷ್ಟು ಹೆದರಿದ್ದು ನನಗೆ ನೆನಪಿಲ್ಲ.

ನರೋಣಾ ಬಸ್ಸಿನ ಎಂಜಿನ್ ಆಗಲೇ ಶುರುವಾಗಿತ್ತು. ನಡುವಿನ ಸೀಟಿನಲ್ಲಿ ಹುಡುಗಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಒಳಗೆ ಹತ್ತಿ ಹಸಿರು ಬಳೆಗಳನ್ನು ಕೆಳಗೆ ಸರಿಸಿ ತೋಳಿಗೆ ಪಟ್ಟಿ ಸುತ್ತಿದೆ. ಎಂಜಿನ್ ಸದ್ದಿಗೆ ಸ್ಟೆತಸ್ಕೋಪಿನಲ್ಲಿ ನಾಡಿ ಸರಿಯಾಗಿ ಕೇಳಲಿಲ್ಲ. ಡ್ರೈವರ್‌ಗೆ ಕೈಮುಗಿದು ಬಂದ್ ಮಾಡಿಸಿ ಮತ್ತೆ ನೋಡಿದೆ. 170/110 ಇತ್ತು.

"ಇಳೀರಿ, ದೊಡ್ಡ ಆಸ್ಪತ್ರೆಗೆ ಹೋಗಬೇಕು," ಅಂದೆ.

ತಾಯಿ ಚೀಲದಿಂದ ಕಾರ್ಡು ತೆಗೆದಳು. "ಮುಂಜಾನಿ ನೀವೇ ಸರಿ ಅದ ಅಂತ ಬರದೀರಿ. ಈಗ ನೀವೇ ಇಳೀರಿ ಅಂತೀರಿ. ಯಾವುದು ಖರೆ?"

ನನ್ನ ಬಾಯಲ್ಲಿ ಸುಳ್ಳು ತಯಾರಿತ್ತು. "ಮುಂಜಾನಿ ಸರಿ ಇತ್ರಿ. ಈಗ ಏರ್ಯದ," ಅಂದೆ.

"ಏರಿದ್ದು ಇಳೀತದ ಬಿಡ್ರಿ. ಬಸ್ಸಿನ ಧಗಿಗೆ ಆಗಿರಬೇಕು. ಊರಾಗ ಇನ್ನೊಮ್ಮಿ ತೋರಸ್ತೇವಿ. ಚೊಚ್ಚಲ ಹೆರಿಗಿ ತವರಾಗ ಆಗಬೇಕ್ರಿ."

ಕಂಡಕ್ಟರ್ ಹೊತ್ತಾಯಿತು ಎಂದ. ಡ್ರೈವರ್ ಮತ್ತೆ ಎಂಜಿನ್ ಶುರು ಮಾಡಿದ. ಸುತ್ತಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಮಾನ ಉಳಿಸಿಕೊಂಡರೆ ಈ ಹುಡುಗಿ ಹೋಗಿಬಿಡುತ್ತಾಳೆ ಎಂದು ಆಗ ಹೊಳೆಯಿತು.

"ಯವ್ವಾ, ಮುಂಜಾನಿ ನಾ ನೋಡೇ ಇಲ್ರಿ. ಯಂತ್ರ ನನ್ನ ಹಂತ್ಯಾಕ ಇದ್ದಿಲ್ಲ. ಸುಮ್ಮ ಬರದೇನಿ."

"ಸುಮ್ಮ ಅಂದ್ರ?"

"ಸುಳ್ಳ ಬರದೇನಿ."

ಹಿಂದಿನ ಸೀಟಿನಿಂದ ಯಾರೋ, ಇಂಥವರ ಕೈಯಾಗ ಜೀವ ಕೊಡ್ತೇವಿ ನೋಡ್ರಿ, ಅಂದರು. ತಾಯಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆದಿದ್ದರೆ ಹಗುರವಾಗುತ್ತಿತ್ತು. ಆಕೆ ಎದ್ದು ಚೀಲ ಹೆಗಲಿಗೇರಿಸಿದಳು. "ಏಳವ್ವ, ಇಳಿ," ಎಂದು ಮಗಳ ಕೈ ಹಿಡಿದಳು.

ಆಟೋ ಹಿಡಿದು ಮೂವರೂ ಹೋದೆವು. ದೊಡ್ಡಾಸ್ಪತ್ರೆಯ ಡಾಕ್ಟರ್ ಕಾರ್ಡು ನೋಡಿ ಹುಬ್ಬೇರಿಸಿದಾಗ ಆ 110/70ನ್ನು ನಾನೇ ಹೊಡೆದುಹಾಕಿ, 'ನೋಡದೆ ಬರೆದದ್ದು' ಎಂದು ಬರೆದು ಸಹಿ ಮಾಡಿದೆ. ಇಂಜೆಕ್ಷನ್ ಕೊಟ್ಟು ಸಂಜೆಗೆ ಆಪರೇಷನ್ ಮಾಡಿದರು. ಹೆಣ್ಣು ಮಗು, ಸಣ್ಣದು, ಆದರೆ ಜೋರಾಗಿ ಅಳುತ್ತಿತ್ತು. ಕಾಲೇಜಿನಲ್ಲಿ ವಿಷಯ ತಿಳಿದು, ನನಗೆ ಆ ತಿಂಗಳ ಕೆಲಸವನ್ನು ಮತ್ತೆ ಮಾಡು ಎಂದರು. ಅದು ಸರಿಯೇ ಇತ್ತು.

ಆಳಂದದ ಸರದಿ ಬಂದಾಗ ಒಂದು ದಿನ ಲಸಿಕೆ ಹಾಕಲು ನರೋಣಾಕ್ಕೆ ಹೋದೆವು. ಸಾಲಿನಲ್ಲಿ ಆ ತಾಯಿ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದಳು, ಪಕ್ಕದಲ್ಲಿ ಮಗಳು. ಹುಡುಗಿ ನನ್ನನ್ನು ಕಂಡು ನಕ್ಕಳು. ತಾಯಿ ನಗಲಿಲ್ಲ.

ಮಗುವನ್ನು ತೂಕದ ಜೋಳಿಗೆಯಲ್ಲಿ ಹಾಕಿ ಮೇಲೆ ತೂಗುಹಾಕಿದೆ. ಬರೆಯಲು ಪೆನ್ನು ತೆಗೆಯುವಷ್ಟರಲ್ಲಿ ಆಕೆ ಕಾರ್ಡಿನ ಮೇಲೆ ಅಂಗೈ ಇಟ್ಟಳು.

"ಮೊದಲು ಆ ಮುಳ್ಳ ನನಗ ತೋರಸ್ರಿ."

ತಕ್ಕಡಿಯ ಮುಖವನ್ನು ಆಕೆಯ ಕಡೆ ತಿರುಗಿಸಿದೆ. ಆಕೆಗೆ ಅಂಕಿ ಓದಲು ಬರುವುದಿಲ್ಲ. ಆದರೂ ಮಗು ಕಾಲು ಬಡಿಯುವುದು ನಿಂತು, ಮುಳ್ಳು ಅಲುಗಾಡುವುದು ನಿಲ್ಲುವ ತನಕ ಕಣ್ಣು ತೆಗೆಯದೆ ನೋಡಿದಳು. ಹಿಂದೆ ಸಾಲು ಬೆಳೆಯುತ್ತಿತ್ತು. ನಾನೂ ನೋಡುತ್ತ ನಿಂತೆ.

ಆಮೇಲೆ ಆಕೆ ಅಂಗೈ ತೆಗೆದು, "ಹಾಂ, ಈಗ ಬರೀರಿ," ಅಂದಳು.